ಕೊಟ್ರಪ್ಪನ ಟೇಪು, ನನ್ನ ಬಾಗಿಲು

ಹಣೆ ತುಂಬ ವಿಭೂತಿ, ಬಾಯಲ್ಲಿ ಏಲಕ್ಕಿ, ಸೊಂಟದಲ್ಲಿ ಅಳತೆ ಟೇಪು. ಕೊಟ್ರಪ್ಪನನ್ನು ಗೊತ್ತಿಲ್ಲದವರು ಬಡಗಿ ಅಂದುಕೊಳ್ಳುತ್ತಿದ್ದರು. ಅವನದು ನಮ್ಮ ಮರಿಯಮ್ಮನಹಳ್ಳಿಯ ಹೆದ್ದಾರಿ ಪಕ್ಕದ ಬ್ರಾಂದಿ ಅಂಗಡಿ. ತಾನು ಮಾತ್ರ ಒಂದು ಹನಿ ಮುಟ್ಟಿದವನಲ್ಲ.

ಆ ಅಂಗಡಿ ಮುಂದೆ ಹಾಯುವಾಗೆಲ್ಲ ನಾನು ಉಗುಳುತ್ತಿದ್ದೆ. ನನ್ನ ಗಂಡ ಕುಡಿದೇ ಸತ್ತವನು. ಕುಡಿದದ್ದು ಹೊಸಪೇಟೆಯಲ್ಲಿ, ನಿಜ. ಆದರೆ ಉಗುಳುವುದಕ್ಕೆಂದು ಬಸ್ಸು ಹತ್ತಿ ಹೊಸಪೇಟೆಗೆ ಹೋಗಲಾಗುತ್ತದೆಯೇ? ಹತ್ತಿರ ಸಿಕ್ಕವನು ಕೊಟ್ರಪ್ಪ. ಅವನು ಸಿಟ್ಟಾಗುತ್ತಿರಲಿಲ್ಲ.

"ಉಗುಳ್ರಿ ಅಮ್ಮಾರ, ಗಟಾರದಾಗ ಉಗುಳ್ರಿ. ಅಂಗಡಿ ಮುಂದ ಹೊಲಸಿದ್ರ ನನಗ ನೋಟಿಸ್ ಬರ್ತೈತಿ."

ನೋಟಿಸ್ ಬರುವ ಮೊದಲೇ ಕಾನೂನು ಪಾಲಿಸುವ ಹುಚ್ಚು ಅವನಿಗೆ. ಸಣ್ಣ ವಯಸ್ಸಿನವರಿಗೆ ಮಾರಬಾರದೆಂಬ ಬೋರ್ಡು ಬಂತು, ಮೀಸೆ ಹೊತ್ತ ಲಾರಿ ಕ್ಲೀನರನಿಗೂ ಕಾರ್ಡು ಕೇಳಿದ. ಕ್ಯಾಮೆರಾ ಬಂತು, ಅದರ ಮುಂದೆ ತಲೆ ಬಾಚಿಕೊಂಡು ನಿಂತ. ಚುನಾವಣೆಗೆ ಅಂಗಡಿ ಮುಚ್ಚಿದ ದಿನ ಸ್ವಂತ ಭಾವಮೈದ ಬೀಗರನ್ನು ಕರೆದುಕೊಂಡು ಬಂದು ಒಂದೇ ಬಾಟಲಿಗೆ ಗೋಗರೆದ. ಕೊಟ್ರಪ್ಪ ಅವರಿಗೆಲ್ಲ ಮಜ್ಜಿಗೆ ಕೊಟ್ಟು ಕಳಿಸಿದ.

ಅಂಥವನಿಗೇ ಬಂದು ಬಡಿಯಿತು, ಹೆದ್ದಾರಿ ಪಕ್ಕದ ಅಂಗಡಿಗಳು ದೂರ ಹೋಗಬೇಕೆಂಬ ಆದೇಶ. ಲೈಸೆನ್ಸು ನವೀಕರಣದ ಹೊತ್ತಿಗೆ ಹೊಸ ಜಾಗ ತೋರಿಸದಿದ್ದರೆ ಅಂಗಡಿ ಕೈಬಿಟ್ಟಂತೆಯೇ. ಊರೆಲ್ಲ ತಿರುಗಿದ. ಬ್ರಾಂದಿ ಕುಡಿಯಲು ಎಲ್ಲರೂ ತಯಾರು, ಬ್ರಾಂದಿಗೆ ಮನೆ ಕೊಡಲು ಯಾರೂ ಇಲ್ಲ. ಕೊನೆಗೆ ನನ್ನ ಮನೆ ಮುಂದೆ ಬಂದು ನಿಂತ. ಮಗನ ಸಂಸಾರವೂ ನಾನೂ ಹಿಂದಿನ ಕೋಣೆಗಳಲ್ಲಿದ್ದೆವು, ಮುಂದಿನ ಪಡಸಾಲೆ ಖಾಲಿ ಬಿದ್ದಿತ್ತು.

ಕುಂದ್ರು ಅನ್ನುವಷ್ಟರಲ್ಲಿ ಟೇಪು ಬಿಚ್ಚಿದ. ಅಂಗಡಿ ಬಾಗಿಲಿನಿಂದ ಜನ ನಡೆಯುವ ದಾರಿ ಹಿಡಿದು ಅಳೆದರೆ ಗುಡಿ ಇಂತಿಷ್ಟು ದೂರ ಇರಲೇಬೇಕಂತೆ. ನಮ್ಮ ಬಾಗಿಲಿನಿಂದ ಹನುಮಪ್ಪನ ಗುಡಿಗೆ ಅಳತೆ ಸಾಲಲಿಲ್ಲ.

"ಆಗಂಗಿಲ್ಲ ಬಿಡ್ರಿ ಅಮ್ಮಾರ. ದೇವ್ರು ಭಾಳ ಸಮೀಪ ಅದಾನ," ಅಂದು ಟೇಪು ಸುತ್ತಿದ. ಮುಖ ಸಣ್ಣಗಾಗಿತ್ತು.

ಸುಮ್ಮನಿದ್ದಿದ್ದರೆ ನಾನು ಇಷ್ಟು ವರ್ಷ ಉಗುಳಿದ್ದು ಸಾರ್ಥಕವಾಗುತ್ತಿತ್ತು. ಆದರೆ ನನಗೊಂದು ರೋಗ. ಯಾರಾದರೂ ಆಗುವುದಿಲ್ಲ ಅಂದರೆ ನಾಲಿಗೆ ತುರಿಸುತ್ತದೆ.

"ಈ ಬಾಗಿಲಿಗೆ ಗ್ವಾಡಿ ಕಟ್ಟಿ ಹಿತ್ತಲಾಗ ಬಾಗಿಲು ತಗದ್ರ?" ಅಂದೆ.

ಹಿತ್ತಲಿನಿಂದಾದರೆ ಹುಣಸೆಮರದ ಓಣಿ ಸುತ್ತಿಯೇ ಗುಡಿಗೆ ಹೋಗಬೇಕು. ಅಳೆದ. ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಂತು. ನನ್ನ ಮುಖ ನೋಡಿ, "ಇಷ್ಟು ಬುದ್ಧಿ ಇಟ್ಕೊಂಡು ಇಷ್ಟು ದಿನ ಬರೇ ಉಗುಳಿದ್ರೆಲ್ರಿ," ಅಂದ.

ಅಬಕಾರಿ ಸಾಹೇಬರು ನೋಡಲು ಬಂದರು. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಸಾಹೇಬರ ಮುಂದೆ ಜಾಣತನ ತೋರಿಸುವ ಚಟ ಬಿಡುತ್ತದೆಯೇ? ಅವರು ಕೇಳುವ ಮೊದಲೇ ಕೈಮುಗಿದು, ನಮ್ಮತ್ತೆ ಕಾಲದಿಂದಲೂ ಹಿತ್ತಲಲ್ಲೇ ಓಡಾಡುತ್ತೇವೆ ಅಂದುಬಿಟ್ಟೆ. ಸಾಹೇಬರು ಮೊದಲು ಬಾಗಿಲಿದ್ದ ಕಡೆ ಗೋಡೆಗೆ ಕೈ ಊರಿದರು. ಅಂಗೈ ತುಂಬ ಹಸಿ ಸಿಮೆಂಟು.

ಕೊಟ್ರಪ್ಪ ಟವೆಲ್ಲು ಕೊಡುತ್ತ ಅಂದ: "ಇವತ್ತ ಮುಂಜಾನೆ ಕಟ್ಟೀವಿ ಸರ್. ಅವರು ಸುಳ್ಳು ಹೇಳ್ತಾರ, ಗ್ವಾಡಿ ಖರೆ ಐತಿ."

ಸಾಹೇಬರು ನಕ್ಕು, ಅಳೆದು, ಒಪ್ಪಿಕೊಂಡರು. ನಾನು ಬಾಯಿ ಮುಚ್ಚಿಕೊಂಡಿದ್ದರೂ ಒಪ್ಪುತ್ತಿದ್ದರು.

ಆಮೇಲೆ ಗಿರಾಕಿಗಳು ನನ್ನ ನೀರಿನ ಹಂಡೆ ದಾಟಿಯೇ ಬರತೊಡಗಿದರು. ಲಾರಿಯವರ ಬಾಯಲ್ಲಿ ಅದು 'ಅಜ್ಜಿ ಅಂಗಡಿ' ಆಯಿತು. ಉಗುಳಬೇಕೆಂದರೆ ಈಗ ನನ್ನ ಹಿತ್ತಲಲ್ಲೇ ಉಗುಳಬೇಕು.

ಕೆಲವೇ ತಿಂಗಳು. ಊರೊಳಗಿನ ಅಂಗಡಿಗಳಿಗೆ ಆ ಆದೇಶ ಇಲ್ಲ, ಹೆದ್ದಾರಿ ಪಕ್ಕ ಇದ್ದರೂ ನಡೆಯುತ್ತದೆ ಎಂಬ ಸುದ್ದಿ ಬಂತು. ಕೊಟ್ರಪ್ಪ ಹಳೇ ಜಾಗಕ್ಕೆ ಹೊರಟ. ಹೋಗುವಾಗ ಗೋಡೆ ಒಡೆಸಿ, ಮೊದಲಿನ ಹಾಗೆ ಬಾಗಿಲು ಹಚ್ಚಿಸಿಕೊಡುತ್ತೇನೆ ಅಂದ.

"ಬ್ಯಾಡ," ಅಂದೆ. "ಕಾನೂನು ಮತ್ತ ಬದ್ಲಾದ್ರ ಎಲ್ಲಿಗೆ ಹೋಗ್ತಿ?"

ಅವನು ಟೇಪನ್ನು ಸ್ವಲ್ಪ ಎಳೆದು, ಬಿಟ್ಟು, ಸೊಂಟಕ್ಕೆ ಸಿಗಿಸಿಕೊಂಡು ಹೋದ.

ಹೋದ ವರ್ಷ ಕೊಟ್ರಪ್ಪ ತೀರಿಕೊಂಡ. ಅಂಗಡಿ ಬೇರೆಯವರ ಕೈಗೆ ಹೋಗಿದೆ. ಈಗಿನವನು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಉಗುಳಿದರೂ ಗಟಾರ ತೋರಿಸುವವರಿಲ್ಲ, ಹಾಗಾಗಿ ಉಗುಳುವುದನ್ನೂ ಬಿಟ್ಟಿದ್ದೇನೆ.

ಶನಿವಾರ ಮೊಣಕಾಲು ಹಿಡಿದುಕೊಂಡು, ಹುಣಸೆಮರದ ಓಣಿ ಸುತ್ತಿ ಹನುಮಪ್ಪನ ಗುಡಿಗೆ ಹೋಗುತ್ತೇನೆ. ಇನ್ನಾದರೂ ಆ ಗೋಡೆ ಒಡೆಸೋಣ ಎಂದು ಸೊಸೆ ದಿನಾ ಗೊಣಗುತ್ತಾಳೆ.

ತಡಿ, ಇನ್ನೊಂದು ಆದೇಶ ಬರಲಿ ಎಂದಿದ್ದೇನೆ.