ಕಿಟಕಿಯಾಚೆಯಿಂದ ‘ನಗಿ’ ಎನ್ನುವ ನೆರಿಡಾ

ಬೆಳಗಿನ ಆರೂವರೆ. ಮೆಲ್ಬರ್ನ್‌ನ ಸನ್‌ಶೈನ್ ಬಡಾವಣೆಯಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಹೆಪ್ಪುಗಟ್ಟಿಯೇ ಇದೆ. ಆಂಬುಲೆನ್ಸ್ ಇಳಿದ ಹೆಂಗಸೊಬ್ಬರು ಬಾಗಿಲಿಗೆ ಹೋಗದೆ ಕಿಟಕಿಯ ಗಾಜಿನ ಮುಂದೆ ನಿಂತು ಕೂಗುತ್ತಿದ್ದಾರೆ.

“ಅಜ್ಜಿ, ಮಾಸ್ಕ್ ಇಳಿಸಿ! ಒಂದ್ಸಲ ನಗಿ!”

“ಹಲ್ಲು ಲೋಟದಲ್ಲಿದೆ ಕಣಮ್ಮ,” ಒಳಗಿನಿಂದ ಗದರಿಕೆ.

“ಒಸಡೇ ತೋರ್ಸಿ, ನಾನೇನು ಫೋಟೊ ಹಿಡಿಯೋಕೆ ಬಂದಿಲ್ಲ!”

ಬಾಯಿಯ ಎರಡೂ ತುದಿ ಸಮನಾಗಿ ಏಳುತ್ತವೆ. ನೆರಿಡಾ ವೆಲ್ಲಾ ಆಮೇಲಷ್ಟೇ ನಿಲುವಂಗಿ, ಕನ್ನಡಕ, ಕೈಗವಸು ತೊಡಲು ಶುರುಮಾಡುತ್ತಾರೆ. ಅದಕ್ಕೆ ನಾಲ್ಕು ನಿಮಿಷ ಬೇಕು. ಹನ್ನೆರಡು ಗಂಟೆಯ ಪಾಳಿಯಲ್ಲಿ ಏಳೆಂಟು ಸಲ ತೊಟ್ಟು ಬಿಚ್ಚುವ ಕೆಲಸ ಇದು.

ಐವತ್ತೆರಡರ ನೆರಿಡಾ ಆಂಬುಲೆನ್ಸಿನಲ್ಲಿ ಇಪ್ಪತ್ನಾಲ್ಕು ವರ್ಷ ಸವೆಸಿದ್ದಾರೆ. ಈ ಕಿಟಕಿಯ ಪಾಠವನ್ನು ಅವರಿಗೆ ಯಾವ ತರಬೇತಿಯೂ ಕಲಿಸಲಿಲ್ಲ. ಕಲಿಸಿದ್ದು ನಿವೃತ್ತ ಟ್ರ್ಯಾಮ್ ಚಾಲಕ ಮರ್ವ್ ಹ್ಯಾನ್ಲನ್, ಅದೂ ತಮ್ಮ ಮಾತನ್ನೇ ಕಳೆದುಕೊಂಡು.

ಜುಲೈನ ಒಂದು ಮಧ್ಯಾಹ್ನ ಮರ್ವ್ ಇದ್ದಕ್ಕಿದ್ದಂತೆ ತೊದಲತೊಡಗಿದರು. ಆಸ್ಪತ್ರೆಯ ಸೋಂಕಿಗೆ ಹೆದರಿ ಹೆಂಡತಿ ಗ್ಲೆನಿಸ್ ಒಂದು ಗಂಟೆ ತಡೆದು ಫೋನ್ ಮಾಡಿದರು. ಕೆಮ್ಮು ಇದೆಯೇ ಎಂದು ಆ ಕಡೆಯವರು ಕೇಳಿದರು, ಇದೆ ಎಂದರು. ಅಲ್ಲಿಗೆ ಮರ್ವ್ ಕೋವಿಡ್ ಶಂಕಿತರಾದರು. ಆಂಬುಲೆನ್ಸ್ ಬರುವಷ್ಟರಲ್ಲಿ ರೋಗಿಗೆ ಮಾಸ್ಕ್ ಹಾಕಿರಬೇಕು ಎನ್ನುವುದು ನಿಯಮ. ಗ್ಲೆನಿಸ್ ಹಾಕಿದ್ದರು.

“ಕೈ ಎತ್ತಿ ಅಂದೆ, ಎರಡೂ ಎತ್ತಿದ್ರು. ಮಾತು ತೊದಲ್ತಿತ್ತು, ಮಾಸ್ಕ್ ಒಳಗಿಂದ ಎಲ್ಲರದೂ ಹಂಗೇ ಕೇಳ್ಸೋದು ಅಂದ್ಕೊಂಡೆ. ಮಾಸ್ಕ್ ಇಳಿಸಿ ನಗಿ ಅಂತ ಹೇಳ್ಲೇ ಇಲ್ಲ. ನಂಗೂ ಸೋಂಕಿನ ಭಯ ಇತ್ತು ಕಣ್ರೀ,” ಎನ್ನುತ್ತಾರೆ ನೆರಿಡಾ.

ಆಸ್ಪತ್ರೆಯ ಹೊರಗೆ ಜ್ವರ-ಕೆಮ್ಮಿನವರ ಸಾಲಿನಲ್ಲಿ ಆಂಬುಲೆನ್ಸ್ ಮೂರು ಗಂಟೆ ನಿಂತಿತು. ಮೂಗಿಗೆ ಕಡ್ಡಿ ಹಾಕಲು ನರ್ಸ್ ಮಾಸ್ಕ್ ಇಳಿಸಿದಾಗ ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು. ಪಾರ್ಶ್ವವಾಯು. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಕ್ಕೆ ತೊದಲು ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯ ಗಡುವು. ಒಳಗೆ ಸ್ಕ್ಯಾನ್ ಮುಗಿಯುವ ಹೊತ್ತಿಗೆ ಅದು ದಾಟಿಹೋಗಿತ್ತು. ಮರ್ವ್‌ಗೆ ಇದ್ದದ್ದು ಬರೀ ಸಿಗರೇಟಿನ ಕೆಮ್ಮು.

ಕೋವಿಡ್‌ನಿಂದ ಸತ್ತವರ ಸಂಖ್ಯೆ ದಿನವೂ ಟೀವಿಯಲ್ಲಿ ಬರುತ್ತದೆ. ಮರ್ವ್‌ನಂಥವರು ಯಾವ ಸಂಖ್ಯೆಯಲ್ಲೂ ಇಲ್ಲ. ನೆರಿಡಾ ನಿಯಮ ಪಾಲಿಸಿದ್ದಾರೆ, ತಪ್ಪಿಲ್ಲ ಎಂದು ಮೇಲಧಿಕಾರಿಗಳು ಬರೆದುಕೊಟ್ಟರು. ಈಗ ಕಿಟಕಿಯ ಮುಂದೆ ನಿಲ್ಲುವುದು ನಿಯಮದಲ್ಲಿಲ್ಲ ಎಂದು ಅದೇ ಕಚೇರಿಯಿಂದ ಎಚ್ಚರಿಕೆ ಪತ್ರ ಬಂದಿದೆ. ನಾಚಿಕೆಗೇಡು! ಕಿಟಕಿಯಿಂದಲೇ ನೆರಿಡಾ ಇದುವರೆಗೆ ನಾಲ್ವರ ಪಾರ್ಶ್ವವಾಯುವನ್ನು ಗುರುತಿಸಿದ್ದಾರೆ. ನಾಲ್ವರಿಗೂ ಔಷಧ ಹೊತ್ತಿಗೆ ಸರಿಯಾಗಿ ಸಿಕ್ಕಿದೆ.

ಕಳೆದ ವಾರ ಅವರು ಹ್ಯಾನ್ಲನ್ ಮನೆಯ ಗೇಟಿನ ಬಳಿ ನಿಂತು ಮರ್ವ್ ಎದುರು ತಪ್ಪೊಪ್ಪಿಕೊಂಡರು. “ನಿಂದೇನಿಲ್ಲ ಬಿಡು ಮಗಳೇ, ಕೆಮ್ಮು ಅಂದೋಳು ನಾನೇ,” ಎಂದು ಗ್ಲೆನಿಸ್ ಸಮಾಧಾನ ಮಾಡಿದರು. ಮರ್ವ್ ತುಟಿ ಅಲ್ಲಾಡಿಸಿದರು. ಶಬ್ದ ಹೊರಡಲಿಲ್ಲ.

“ಎಲ್ರೂ ಕ್ಷಮಿಸಿಬಿಡ್ತಾರೆ. ನಂಗದು ಬೇಡ,” ಎನ್ನುತ್ತಾರೆ ನೆರಿಡಾ. “ಮರ್ವ್ ಒಂದು ದಿನ ನಂಗೆ ಬಾಯ್ತುಂಬ ಬೈಬೇಕು. ಅಷ್ಟು ಮಾತು ಬಂದ್ರೆ ಸಾಕು.”