ಶುಕ್ರನ ಸುದ್ದಿ ಬಂದ ವರ್ಷದ ಬಾಣಂತನ

ನನ್ನ ಮೊದಲ ಮಗು ಹುಟ್ಟಿದ ತಿಂಗಳಲ್ಲೇ ಅಮೆರಿಕದವರ ನೌಕೆಯೊಂದು ಶುಕ್ರಗ್ರಹದ ಪಕ್ಕದಿಂದ ಹಾದುಹೋಯಿತು. ಎರಡು ಸುದ್ದಿಗಳಲ್ಲಿ ಮನೆಯವರಿಗೆ ಯಾವುದು ದೊಡ್ಡದಾಗಿತ್ತು ಎಂದು ಹೇಳಬೇಕಾಗಿಲ್ಲ. ನನಗೆ ಮಾತ್ರ ಎರಡೂ ಬೇಕಾಗಿದ್ದವು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಮಬ್ಬುಗತ್ತಲೆಯ ಕೋಣೆಯಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು, ಗಂಡ ತಂದುಕೊಟ್ಟ ಹಳೆಯ ಪೇಪರುಗಳಲ್ಲಿ ಶುಕ್ರನನ್ನು ಹುಡುಕುತ್ತಿದ್ದೆ. ಬಾಣಂತಿ ಓದಿದರೆ ಕಣ್ಣು ಹೋಗುತ್ತದೆಂದು ಅತ್ತೆ ಪೇಪರು ಕಿತ್ತುಕೊಂಡು ಮಗುವಿನ ಬಟ್ಟೆಯ ಕೆಳಗೆ ಹಾಸುತ್ತಿದ್ದರು. ಹೀಗೆ ಶುಕ್ರನ ಎಷ್ಟೋ ವರ್ತಮಾನ ನನಗೆ ಒದ್ದೆಯಾಗಿಯೇ ಸಿಕ್ಕಿದೆ.

ಆಗ ನಾನು ಶಿವಮೊಗ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಓದು ಮುಗಿಸಲು ಬಿಡುತ್ತೇವೆಂಬ ಮಾತಿನ ಮೇಲೆ ನಡೆದ ಮದುವೆ ನಮ್ಮದು. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಮೆಕ್ಯಾನಿಕ್. ಕೊಟ್ಟ ಮಾತಿಗೆ ತಪ್ಪುವವರಲ್ಲ, ಆದರೆ ತಾಯಿಯ ಎದುರು ಮಾತೇ ಆಡುವವರಲ್ಲ. ನಾನು ಸಣ್ಣವಳಿದ್ದಾಗಲೇ ನನ್ನ ತಾಯಿ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ತವರಿಗೆ ಹೋಗುವ ಹಾಗಿರಲಿಲ್ಲ. ಅದನ್ನು ಅತ್ತೆಯೇ ಮಾಡಿದರು. ಮೆಣಸಿನ ಸಾರು, ಹಂಡೆಗಟ್ಟಲೆ ಬಿಸಿನೀರು, ಲೋಬಾನದ ಹೊಗೆ, ಒಂದಕ್ಕೂ ಕುಂದಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಆ ಆರೈಕೆಯೆಲ್ಲ ನನ್ನನ್ನು ಕಟ್ಟಿಹಾಕುವ ಹಗ್ಗ ಎಂದೇ ಎಣಿಸಿದ್ದೆ.

ಮೂರನೆಯ ತಿಂಗಳಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಹೇಳಿ ಕಳಿಸಿದರು. ನನ್ನ ಪ್ರಯೋಗಗಳ ರೆಕಾರ್ಡಿನಲ್ಲಿ ಒಂದೇ ಒಂದು ಬಾಕಿ ಉಳಿದಿದೆ, ಅಯಸ್ಕಾಂತದ್ದು. ಅದಾಗದೆ ಸಹಿಯಿಲ್ಲ, ಸಹಿಯಿಲ್ಲದೆ ಪರೀಕ್ಷೆಯಿಲ್ಲ. ಶುಕ್ರವಾರ ಬರಬಹುದು, ತಪ್ಪಿದರೆ ಸೋಮವಾರ. ಅಲ್ಲಿಗೆ ಮುಗಿಯಿತು.

ಬಾಣಂತಿ ರೈಲು ಹತ್ತುವುದೆಂದರೆ ಅತ್ತೆಗೆ ದಿಗಿಲು. ಕೆಟ್ಟ ಗಾಳಿ ಸೋಕುತ್ತದೆ, ಹೋಗಲೇಬೇಕೆಂದರೆ ಸೊಂಟಕ್ಕೊಂದು ಕಬ್ಬಿಣದ ಚೂರು ಸಿಕ್ಕಿಸಿಕೊಂಡು ಹೋಗು ಎಂದರು. ಮಾಡಬೇಕಾದದ್ದೇ ಅಯಸ್ಕಾಂತದ ಪ್ರಯೋಗ, ಬೀಗದ ಕೈಯನ್ನೂ ಒಯ್ಯುವಂತಿಲ್ಲ ಎಂದು ನಾನು ರೇಗಿದೆ.  ಶುಕ್ರವಾರ ಬೆಳಿಗ್ಗೆ ಅತ್ತೆ ತಾವೇ ನನ್ನ ತಲೆ ಬಾಚಿ, ತುರುಬು ಬಿಗಿದು, ಮೇಲೆ ಬಟ್ಟೆ ಕಟ್ಟಿ ಕಳಿಸಿದರು. ಗೆದ್ದೆ ಎಂದುಕೊಂಡೆ.

ಪ್ರಯೋಗ ಕಷ್ಟದ್ದಲ್ಲ. ದುಂಡನೆಯ ಡಬ್ಬಿಯೊಳಗೆ ಒಂದು ಸೂಜಿ, ಡಬ್ಬಿಯ ಎರಡೂ ಕಡೆ ಅಳತೆಪಟ್ಟಿ. ಪಟ್ಟಿಯ ಮೇಲೆ ಅಯಸ್ಕಾಂತ ಇಟ್ಟರೆ ಸೂಜಿ ವಾಲುತ್ತದೆ. ಎಷ್ಟು ವಾಲಿತೆಂದು ನೇರ ಮೇಲಿನಿಂದ ಬಗ್ಗಿ ನೋಡಿ ಬರೆದುಕೊಳ್ಳಬೇಕು. ಅಯಸ್ಕಾಂತ ಎಡಕ್ಕಿದ್ದರೂ ಬಲಕ್ಕಿದ್ದರೂ ಅಂಕಿ ಹೆಚ್ಚುಕಡಿಮೆ ಒಂದೇ ಬರಬೇಕು. ನನಗೆ ಒಂದು ಸಲವೂ ಬರಲಿಲ್ಲ. ಮೂರು ಡಿಗ್ರಿ, ನಾಲ್ಕು ಡಿಗ್ರಿ ವ್ಯತ್ಯಾಸ. ಮೇಷ್ಟ್ರು ಬಂದು ಬಗ್ಗಿದರೆ ಸೂಜಿ ಸರಿಯಾಗಿರುತ್ತಿತ್ತು, ನಾನು ಬಗ್ಗಿದರೆ ಕೆಡುತ್ತಿತ್ತು. ಎರಡು ಗಂಟೆ ಒದ್ದಾಡಿದೆ. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು, ಕಣ್ಣಲ್ಲಿ ನೀರು ಬಂತು.

ಮೇಷ್ಟ್ರು ಬಯ್ಯಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಎಲ್ಲ ಬಿಟ್ಟು ಶುಕ್ರನ ನೌಕೆಯ ಮಾತು ತೆಗೆದರು. ದಾರಿಯುದ್ದಕ್ಕೂ ಅದಕ್ಕೆ ಸೂರ್ಯನ ಕಡೆಯಿಂದ ಬೀಸುವ ಗಾಳಿ ಸಿಕ್ಕಿತಂತೆ, ವಿದ್ಯುತ್ತು ಹೊತ್ತ ಕಣಗಳ ಗಾಳಿ, ಒಂದು ದಿನವೂ ನಿಲ್ಲದ್ದು. ಭೂಮಿಯ ಹೊಟ್ಟೆಯಲ್ಲಿ ಕಬ್ಬಿಣವಿದೆ, ಅದರಿಂದ ಹುಟ್ಟಿದ ಅಯಸ್ಕಾಂತ ಬಲ ಆ ಗಾಳಿಯನ್ನು ದೂರದಲ್ಲೇ ಪಕ್ಕಕ್ಕೆ ತಿರುಗಿಸುತ್ತದೆ. ಶುಕ್ರನ ಹತ್ತಿರ ಅಂಥ ಬಲವೇ ಕಾಣಲಿಲ್ಲವಂತೆ. ಕಾಣಲಿಲ್ಲ ಎಂದು ಹೇಳುವುದು ಸುಲಭವಲ್ಲ ಎಂದರು ಮೇಷ್ಟ್ರು. ನೌಕೆಯ ಮೈಯಲ್ಲೇ ತಂತಿ, ಲೋಹ, ವಿದ್ಯುತ್ತು ತುಂಬಿರುತ್ತದೆ. ಅದಕ್ಕೇ ಅಳೆಯುವ ಉಪಕರಣವನ್ನು ಅವುಗಳಿಂದ ಆದಷ್ಟು ದೂರ, ಉದ್ದನೆಯ ಕಂಬದ ಮೇಲ್ಗಡೆ ಕೂರಿಸಿದ್ದರು. ಆಗಲೂ ಅವರಿಗೆ ಮೊದಲ ಗುಮಾನಿ ತಮ್ಮ ನೌಕೆಯ ಮೇಲೆಯೇ.

"ನಿನ್ನ ಮೈಮೇಲೆ ಏನಿದೆ ನೋಡ್ಕೊಳ್ಳಮ್ಮ. ಸೋಮವಾರ ಬಾ," ಎಂದರು.

ಏನೂ ಇಲ್ಲ ಎಂದು ಆಣೆ ಇಡಲು ಸಿದ್ಧಳಿದ್ದೆ. ಮನೆಗೆ ಬಂದು ಮಗುವಿಗೆ ಹಾಲು ಕೊಟ್ಟು, ತಲೆಯ ಬಟ್ಟೆ ಬಿಚ್ಚಿ ತುರುಬು ಸಡಿಲಿಸಿದೆ. ಬೆರಳಿನ ಒಂದು ಗೆಣ್ಣಿನಷ್ಟುದ್ದದ ಅರದ ಚೂರು ಮಡಿಲಿಗೆ ಬಿತ್ತು. ಕಬ್ಬಿಣ ಉಜ್ಜುತ್ತಾರಲ್ಲ, ಆ ಉಕ್ಕಿನ ಅರ. ಎತ್ತಿ ಕಬ್ಬಿಣದ ಮಂಚದ ಕಾಲಿಗೆ ಮುಟ್ಟಿಸಿದರೆ ಗಟ್ಟಿಯಾಗಿ ಕಚ್ಚಿಕೊಂಡಿತು, ಅದೇ ಒಂದು ಅಯಸ್ಕಾಂತವಾಗಿತ್ತು. ಬೇರೆ ಊರಿನ ಅತ್ತೆಯಾಗಿದ್ದರೆ ತುಕ್ಕು ಹಿಡಿದ ಮೊಳೆಯೊಂದನ್ನು ಸಿಕ್ಕಿಸಿರುತ್ತಿದ್ದರು. ನಮ್ಮದು ಕಾರ್ಖಾನೆ ಮನೆ. ಜೋರಾದ ಕಬ್ಬಿಣವೇ ಬೇಕೆಂದು ಮಗನಿಗೆ ಹೇಳಿದ್ದಾರೆ, ಮಗರಾಯ ಕ್ರೇನಿನ ದೊಡ್ಡ ಅಯಸ್ಕಾಂತ ದಿನವೂ ಎತ್ತಿ ಇಳಿಸುವ ಗುಜರಿ ರಾಶಿಯಿಂದಲೇ ಆರಿಸಿ ತಂದುಕೊಟ್ಟಿದ್ದಾರೆ. ಯಾಕೆ, ಯಾರಿಗೆ ಎಂದು ಕೇಳಿಯೂ ಇಲ್ಲ.

ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ನನ್ನ ಓದು ಹಾಳಾಗಲಿ ಎಂದೇ ನಿಮಗೆ ಆಸೆ ಎಂದೂ ಅಂದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. ಅತ್ತೆ ಒಳಗೆ ಹೋದರು. ಸಂಜೆ ಬಂದು ಮಂಚದ ಪಕ್ಕ ಕುಳಿತು, ಮಗುವಿನ ಕಾಲನ್ನು ನೀವುತ್ತ ತಮ್ಮ ಮಗಳ ವಿಷಯ ಹೇಳಿದರು. ಗಂಡನಿಗೊಬ್ಬಳು ಅಕ್ಕ ಇದ್ದಳು, ಚಿಕ್ಕ ವಯಸ್ಸಿಗೇ ಹೋದಳು ಎಂಬಷ್ಟು ಮಾತ್ರ ನನಗೆ ಗೊತ್ತಿತ್ತು. ಬಾಣಂತನದಲ್ಲಿ ಸನ್ನಿ ಏರಿ ಹೋದಳೆಂಬುದು ಅವತ್ತೇ ತಿಳಿದದ್ದು.

"ಹನ್ನೊಂದು ದಿನ ದಿಂಬಿನ ಕೆಳಗೆ ಕಬ್ಬಿಣ ಇಟ್ಟಿದ್ದೆ. ಹಾಸಿಗೆ ಒಗೆಯೋಕೆ ಅಂತ ತೆಗ್ದೆ ನೋಡು, ಮತ್ತೆ ಇಡೋದು ಮರ್ತೆ. ಅವತ್ತು ಸಂಜೇನೇ ಜ್ವರ ಬಂತು."

ಇಪ್ಪತ್ತು ವರ್ಷದಿಂದ ಹೊತ್ತುಕೊಂಡಿದ್ದ ಮಾತು ಅದು. ಜ್ವರಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ ಎಂದು ನನ್ನ ಪುಸ್ತಕದ ಜ್ಞಾನವನ್ನೆಲ್ಲ ಹರವಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಚೂರನ್ನು ಮಾತ್ರ ಸೆರಗಿನ ತುದಿಗೆ ಕಟ್ಟಿಕೊಂಡರು. ಸೋಮವಾರ ಅದಿಲ್ಲದೆ ನನ್ನನ್ನು ಕಳಿಸುತ್ತಾರೆಂಬ ಭರವಸೆ ನನಗಿರಲಿಲ್ಲ, ಅದಿದ್ದರೆ ಸಹಿಯ ಆಸೆಯೂ ಇರಲಿಲ್ಲ.

ಭಾನುವಾರ ಬೇರೆ ದಾರಿ ಕಾಣದೆ ಅವರಿಗೆ ನೌಕೆಯ ಕತೆ ಹೇಳಿದೆ. ಸೂರ್ಯನ ಗಾಳಿ, ಭೂಮಿಯ ಒಳಗಿನ ಕಬ್ಬಿಣ, ಕಂಬದ ಮೇಲಿನ ಉಪಕರಣ, ಎಲ್ಲವನ್ನೂ. ಅಷ್ಟು ದೊಡ್ಡ ಭೂಮಿಗೇ ಗಾಳಿ ತಡೆಯಲು ಕಬ್ಬಿಣ ಬೇಕಂತೆ, ಇವಳಿಗೆ ಬೇಡವಂತೆ ಎಂದು ಮಗುವಿನ ಹತ್ತಿರ ದೂರಿದರು. ನನಗೂ ನಗು ಬಂತು. ಆಮೇಲೆ ಕಬ್ಬಿಣವನ್ನು ಬಿಸಾಡಬೇಕಿಲ್ಲ, ದೂರ ಇದ್ದರೆ ಸಾಕಲ್ಲವೇ ಎಂದು ಕೇಳಿದರು. ಸಾಕು ಎಂದೆ.

"ಹಾಗಾದ್ರೆ ನಾನೂ ಬರ್ತೀನಿ ಮಾರಾಯ್ತಿ."

ಸೋಮವಾರ ಮಗುವನ್ನೆತ್ತಿಕೊಂಡು ಅತ್ತೆ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದರು. ನಾನು ನಾಚಿಕೆಯಿಂದ ಹಿಡಿಯಾಗಿ ವಿಷಯ ಹೇಳಿದರೆ ಮೇಷ್ಟ್ರು ನಗಲಿಲ್ಲ. ಕೈಯಲ್ಲಿ ಸಣ್ಣ ದಿಕ್ಸೂಚಿ ಹಿಡಿದು ಹೊರಗೆ ಬಂದರು. ಸೆರಗಿನ ಗಂಟನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಿಂದೆ ಹೋಗುವಂತೆ ಅತ್ತೆಗೆ ಹೇಳಿದರು. ನಾಲ್ಕು ಹೆಜ್ಜೆಗೇ ಸೂಜಿ ಅಲುಗುವುದನ್ನು ನಿಲ್ಲಿಸಿತ್ತು. ಅತ್ತೆ ಮಾತ್ರ ತಮ್ಮ ಸಮಾಧಾನಕ್ಕೆ ಅಂಗಳದ ಬೇವಿನ ಮರದವರೆಗೂ ಹೋದರು. ಅಲ್ಲಿಂದ ಲ್ಯಾಬಿನ ಕಿಟಕಿ ಕಾಣುತ್ತಿತ್ತು.

ಎಡಕ್ಕೆ ಮೂವತ್ತೆರಡು, ಬಲಕ್ಕೆ ಮೂವತ್ತೆರಡೂವರೆ. ಬರೆದುಕೊಂಡೆ. ಪ್ರತಿ ಸಲ ತಲೆಯೆತ್ತಿದಾಗಲೂ ಅತ್ತೆ ಅಲ್ಲೇ ನಿಂತಿದ್ದರು. ಮರದ ಬುಡದಲ್ಲಿ ಕಲ್ಲುಬೆಂಚಿತ್ತು, ಕೂರಲಿಲ್ಲ. ನೆರಳು ಸರಿದು ಬಿಸಿಲು ಬಂತು, ಮಗುವಿನ ತಲೆಗೆ ಸೆರಗು ಹೊದಿಸಿದರು, ಕದಲಲಿಲ್ಲ. ಮೇಷ್ಟ್ರು ಸಹಿ ಹಾಕಿದ ರೆಕಾರ್ಡ್ ಎದೆಗವಚಿಕೊಂಡು ಓಡಿಬಂದರೆ ಅವರು ಅದರ ಕಡೆ ನೋಡಲೂ ಇಲ್ಲ. ನನ್ನ ಹಣೆ ಮುಟ್ಟಿದರು, ಕುತ್ತಿಗೆ ಮುಟ್ಟಿದರು. ರೈಲಿನಲ್ಲಿ ಎರಡು ಸಲ ಮುಟ್ಟಿದರು, ಸಂಜೆ ದೀಪ ಹಚ್ಚಿದ ಮೇಲೂ ಮುಟ್ಟಿದರು.

ಮಂಗಳವಾರ ಬೆಳಿಗ್ಗೆ ನಾನು ನೆಟ್ಟಗೆ ಎದ್ದು ಕಾಫಿ ಕುಡಿದೆ. ಅತ್ತೆ ಹಿಂದೆ ಕುಳಿತು ತಲೆ ಬಾಚುತ್ತಿದ್ದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ.

"ಅಷ್ಟು ಹೊತ್ತು ನಿನ್ನ ಹತ್ರ ಕಬ್ಬಿಣ ಇರ್ಲಿಲ್ಲ. ನಿಂಗೇನೂ ಆಗ್ಲಿಲ್ಲ," ಎಂದರು. ಸಿಕ್ಕೊಂದನ್ನು ಬಿಡಿಸುತ್ತ ಕೇಳಿದರು: "ಹಾಗಾದ್ರೆ ಅವಳು ಹೋಗಿದ್ದು ನಾನು ಮರ್ತಿದ್ದಕ್ಕಲ್ಲ, ಅಲ್ವಾ?"

ಒಂದೇ ಸಲದ ಪ್ರಯೋಗದಿಂದ ಏನನ್ನೂ ಖಚಿತವಾಗಿ ಹೇಳಬಾರದೆಂದು ಕಲಿತವಳು ನಾನು. ಆದರೂ ಒಂದು ಕ್ಷಣವೂ ತಡೆಯದೆ, "ಅಲ್ಲ ಅತ್ತೆ, ನಿಮ್ಮಿಂದಲ್ಲ," ಎಂದೆ. ಎಷ್ಟೋ ಹೊತ್ತು ಬಾಚಣಿಗೆ ನನ್ನ ಕೂದಲಲ್ಲಿ ಹಾಗೇ ನಿಂತಿತ್ತು.