ಅವ್ವನ ಕೂಗು

ಇಂದು ಕೊಂಡಾಪುರದ ರಸ್ತೆಬದಿಯಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ಬಂದದ್ದೇ ನನ್ನ ಕೈ ತಾನಾಗಿ ತಂಗಿಯ ಮಣಿಕಟ್ಟು ಹಿಡಿಯಿತು.

ಆಗ ನಾವಿಬ್ಬರೂ ಚಿಕ್ಕವರು, ಈ ಊರ ತುಂಬ ಸಾಫ್ಟ್‌ವೇರ್ ಆಫೀಸುಗಳು ಏಳುತ್ತಿದ್ದ ಕಾಲ. ಅಪ್ಪ ತೆಲುಗಿನವರು, ಅವ್ವ ಕಲಬುರಗಿಯವಳು. ಐದು ವರ್ಷವಾದರೂ ತಂಗಿಗೆ ಮಾತು ಬಂದಿರಲಿಲ್ಲ. "ಮನೆಯಲ್ಲಿ ಎರಡೆರಡು ಭಾಷೆ ಬೇಡ, ಬರೀ ಇಂಗ್ಲಿಷ್‌ನಲ್ಲೇ ಮಾತಾಡಿ" ಎಂದರು ಡಾಕ್ಟರು. ಅಂದಿನಿಂದ ಅವ್ವ ಅವಳೊಂದಿಗೆ ಆಡಿದ್ದು ತನಗೆ ಬರುತ್ತಿದ್ದ ನಾಲ್ಕೇ ಇಂಗ್ಲಿಷ್ ಮಾತು.

ಆ ವರ್ಷ ನಾಂಪಲ್ಲಿ ಎಕ್ಸಿಬಿಷನ್ನಿನ ಜಾತ್ರೆಯಂಥ ಗದ್ದಲದಲ್ಲಿ, ಭಜಿ ಅಂಗಡಿಯ ಮುಂದೆ, ನಾನು ತಂಗಿಯ ಕೈ ಬಿಟ್ಟೆ. ತಿರುಗಿದರೆ ಅವಳಿಲ್ಲ. ಯಾರಾದರೂ ಕೇಳಿದರೆ ತನ್ನ ಹೆಸರನ್ನೂ ಹೇಳಲಾರದ ಮಗು. "ಕಮ್ ಬೇಬಿ, ಕಮ್" ಎನ್ನುತ್ತ ಅವ್ವ ಅಂಗಡಿಯಿಂದ ಅಂಗಡಿಗೆ ಓಡಿದಳು. ಕೊನೆಗೆ ಅವ್ವ ಡಾಕ್ಟರ ಮಾತು ಮರೆತು ಚೀರಿದಳು: "ಎಲ್ಲಿ ಹೋದ್ಯಬೇ ನನ್ನ ಬಂಗಾರಾ? ಲಗೂ ಬಾ ನನ್ನವ್ವಾ!"

ಬಳೆ ಅಂಗಡಿಯ ಮೇಜಿನ ಕೆಳಗಿಂದ ತಂಗಿ ತೆವಳಿಕೊಂಡು ಬಂದಳು.

ಇಂದಿಗೂ ಅವಳಿಗೆ ಮಾತಿಲ್ಲ. ಅವ್ವನ ಆ ಕೂಗಿಗೆ ಮಾತ್ರ ಎಲ್ಲಿದ್ದರೂ ಬರುತ್ತಾಳೆ. ನಾನು ಕರೆದರೆ ಬರುವುದಿಲ್ಲ. ಅವ್ವನಿಗೀಗ ಉಸಿರಾಡುವುದೇ ಕಷ್ಟ. ಮೊನ್ನೆ ಫೋನಿನಲ್ಲಿ ರೆಕಾರ್ಡ್ ಒತ್ತಿ ಅವ್ವನ ಬಾಯ ಮುಂದೆ ಹಿಡಿದು, "ಇದರಾಗ ಒಮ್ಮೆ ಆಕಿನ್ನ ಕರಿ ಅವ್ವಾ" ಎಂದೆ.

ಅವ್ವ ಉಸಿರು ಎಳೆದುಕೊಂಡು ಫೋನಿನತ್ತ ಬಾಗಿ ಕೂಗಿದಳು: "ಲಗೂ ಬಾ ನನ್ನವ್ವಾ!"